ಬರಿಗಾಲಲ್ಲಿ ಬಂದ ಕಳ್ಳ

ಶೆಡ್ಡಿನ ಬಾಗಿಲು ತಳ್ಳಿದ ಕೆಂಪರಾಜು ಹೊಸ್ತಿಲಲ್ಲೇ ನಿಂತುಬಿಟ್ಟ. ಏಳಡಿ ಎತ್ತರದ ಶಿಲ್ಪವೇನೋ ನಿಂತೇ ಇತ್ತು. ಅದರ ಹೊಟ್ಟೆ ಮಾತ್ರ ಇರಲಿಲ್ಲ.

ಬೆಳಿಗ್ಗೆ ಬೀಗ ಹಾಕದೆ ದೇವನಹಳ್ಳಿಗೆ ಹೋಗಿದ್ದ. ಏರ್‌ಪೋರ್ಟ್ ಹತ್ತಿರದ ಹೊಸ ಹೋಟೆಲಿನಲ್ಲಿ ಶಿಲ್ಪ ನಿಲ್ಲಿಸುವ ಜಾಗ ನೋಡಿಕೊಂಡು ಸಂಜೆ ವಾಪಸ್ ಬಂದರೆ ಈ ಅವಸ್ಥೆ! ಶಿಲ್ಪ ಒಯ್ಯಲು ಹೋಟೆಲಿನವರ ಲಾರಿ ನಾಡಿದ್ದು ಬರುವುದಿತ್ತು.

ದೊಡ್ಡಬೆಳವಂಗಲದ ಆಸುಪಾಸಿನಲ್ಲಿ ಕೆಂಪರಾಜುವಿಗೆ ಜನ ಇಟ್ಟ ಹೆಸರು 'ಗುಜರಿ ರಾಜ'. ಮುರಿದ ಮಗ್ಗದ ಗಾಲಿ, ಸವೆದ ಟ್ರ್ಯಾಕ್ಟರ್ ಗೇರು, ಸುಟ್ಟ ಮೋಟಾರಿನ ತಾಮ್ರ, ಇವನ್ನೆಲ್ಲ ಬೆಸೆದು ನಿಲ್ಲಿಸುತ್ತಿದ್ದ. ಏನಿದು ಅಂತ ಕೇಳಿದರೆ, 'ನಿಮಗೆ ಏನು ಕಾಣ್ಸುತ್ತೋ ಅದೇ' ಅನ್ನುತ್ತಿದ್ದ. ಊರವರಿಗೆ ಗುಜರಿಯೇ ಕಾಣುತ್ತಿತ್ತು, ಪಾಪ!

ಈ ಸಲದ ಶಿಲ್ಪಕ್ಕೆ ಹೊಟ್ಟೆಯಾಗಿ ಸಿಕ್ಕಿದ್ದು ಮನೆಯ ಅಟ್ಟದಲ್ಲಿದ್ದ, ಕಾಳು ಅಳೆಯುವ ಹಳೇ ಕಬ್ಬಿಣದ ಸೇರು. ಅದನ್ನು ಉದ್ದಕ್ಕೆ ಸೀಳಿದರೆ ಒಳಗೊಂದು ಬೆರಗು. ಒಂದು ತಳ, ಅದರ ಮೇಲೆ ಇನ್ನೊಂದು ತಳ, ನಡುವೆ ಕಪ್ಪು ಸಂದು. ಆಹಾ, ಎಂಥ ರೂಪ ಅಂತ ಕೆಂಪರಾಜು ಕುಣಿದುಬಿಟ್ಟಿದ್ದ. ಶಿಲ್ಪಕ್ಕೆ 'ಹಸಿವು' ಅಂತ ಹೆಸರನ್ನೂ ಇಟ್ಟ. ಹೊಟ್ಟೆ ತುಂಬಿದವರಿಗೆ ಹೊಳೆಯುವುದು ಇಂಥ ಹೆಸರೇ.

ಆ ಸೇರೇ ಈಗ ಮಾಯವಾಗಿತ್ತು.

ಕೆಂಪರಾಜು ಹಿಂದುಮುಂದು ನೋಡಲಿಲ್ಲ. ಸೀದಾ ಸರ್ಕಲ್ಲಿನ ಗುಜರಿ ಅಂಗಡಿಗೆ ನುಗ್ಗಿ ಚಿಕ್ಕವೆಂಕಟಪ್ಪನ ಕೊರಳಪಟ್ಟಿ ಹಿಡಿದ.

"ಎಲ್ಲೋ ನನ್ನ ಸೇರು?"

"ರಾಜಣ್ಣ, ಕೈ ಬಿಡಿ. ಯಾವ ಸೇರು?"

"ನಾಟಕ ಆಡ್ಬೇಡ! ನಿನ್ನೆ ಸಾಮಾನು ಹಾಕೋಕೆ ಬಂದಾಗ 'ಅದನ್ನ ಎರಡು ದಿವಸ ಕೊಡಿ' ಅಂತ ಹಲ್ಲು ಗಿಂಜಿದ್ಯಲ್ಲ?"

"ಕೇಳಿದ್ದು ನಿಜ. ಕೊಡಲ್ಲ ಅಂದ್ರಿ, ಬಂದ್ಬಿಟ್ಟೆ. ನಮ್ಮವ್ವಂಗೆ ತೋರಿಸ್ಬೇಕಿತ್ತು ಅಷ್ಟೆ."

"ನಿಮ್ಮವ್ವಂಗೆ ಮಾಡರ್ನ್ ಆರ್ಟ್ ಬೇಕಂತೆ ನೋಡ್ರಪ್ಪಾ! ಹುಟ್ಟುಗುಣ ಸುಟ್ಟರೂ ಹೋಗಲ್ಲ. ರಾಗಿ ಕಳ್ಳ!"

ಟೀ ಅಂಗಡಿಯವರು ನಕ್ಕರು. 'ರಾಗಿ ಕಳ್ಳ' ಅನ್ನುವುದು ಚಿಕ್ಕವೆಂಕಟಪ್ಪನಿಗೆ ಚಡ್ಡಿ ಹಾಕುವ ಕಾಲದಲ್ಲೇ ಅಂಟಿಕೊಂಡ ಹೆಸರು. ಯಾವ ರಾಗಿ, ಯಾರ ರಾಗಿ ಅಂತ ಕೇಳಿದರೆ ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಹೆಸರಷ್ಟೇ ಉಳಿದಿತ್ತು. ಈಗ ಅವನಿಗೆ ಸ್ವಂತ ಅಂಗಡಿಯಿದೆ, ತೂಕದಲ್ಲಿ ಮೋಸವಿಲ್ಲದ ವ್ಯಾಪಾರಿ ಎಂಬ ಮಾತಿದೆ. ಆ ಮಾತು ಒಂದು ಸಂಜೆಯಲ್ಲಿ ಮಣ್ಣುಪಾಲಾಯಿತು. ಕೆಂಪರಾಜು ದೂರು ಕೊಟ್ಟ. ಚಿಕ್ಕವೆಂಕಟಪ್ಪನನ್ನು ಸ್ಟೇಷನ್ನಿಗೆ ಕರೆಸಿ ವಿಚಾರಿಸಿ ಕಳಿಸಿದರು, ಬೆಳಿಗ್ಗೆ ಮತ್ತೆ ಬಂದು ಕೂರಬೇಕು ಅಂದರು.

ಮರುದಿನ ಸಬ್ ಇನ್ಸ್‌ಪೆಕ್ಟರ್ ರೂಪ ಶೆಡ್ಡಿಗೆ ಬಂದಳು. ಮಾತು ಕಡಿಮೆ, ಕಣ್ಣು ಜಾಸ್ತಿ.

"ಈ ತಾಮ್ರ ಎಷ್ಟಿರ್ಬೋದು?"

"ಹದಿನೈದು ಕೆಜಿ ಮೇಡಂ."

"ಗುಜರಿಯವನು ತಾಮ್ರ ಬಿಟ್ಟು ಕಬ್ಬಿಣ ಕದೀತಾನಾ?"

ಕೆಂಪರಾಜು ತಡವರಿಸಿದ. "ಅವನ ಕಣ್ಣು ಅದರ ಮೇಲೇ ಇತ್ತು."

"ಹೇಗೆ ಕಿತ್ತಿದ್ದಾನೆ?"

"ಪೂರ್ತಿ ವೆಲ್ಡ್ ಮಾಡಿರ್ಲಿಲ್ಲ. ಎರಡು ಕಡೆ ಚುಕ್ಕೆ ಇಟ್ಟಿದ್ದೆ ಅಷ್ಟೆ. ಉಳಿ ಇಟ್ಟು ನಾಲ್ಕೇಟು ಕೊಟ್ರೆ ಕಳಚ್ಕೊಳ್ಳುತ್ತೆ."

"ಅದು ಯಾರ್ಯಾರಿಗೆ ಗೊತ್ತಿತ್ತು?"

"ಮೊನ್ನೆ ಚುಕ್ಕೆ ಇಡ್ತಾ ನಾನೇ ಹೇಳಿದ್ದೆ. ನಮ್ಮ ಮನೆಯವಳು ವಾಣಿಶ್ರೀ ಕಾಫಿ ತಂದಿದ್ಲು. ಅವತ್ತೇ ಚಿಕ್ಕವೆಂಕಟಪ್ಪನೂ ನೋಡಿದ. ಅಪ್ಪನೂ ಆಗ ಇಲ್ಲೇ ಇದ್ರು. ಅವರು ಶೆಡ್ಡಿಗೆ ಕಾಲಿಟ್ಟಿದ್ದೇ ಅಪರೂಪ. ಮಗ ಗುಜರಿ ಕೆಲ್ಸ ಮಾಡ್ತಾನೆ ಅಂತ ಅವರಿಗೆ ಅವಮಾನ."

"ಹೊಡೆದ ಸದ್ದು ಯಾರಿಗೂ ಕೇಳ್ಸಲಿಲ್ವಾ?"

"ಪಕ್ಕದಲ್ಲೇ ಪವರ್‌ಲೂಮ್. ಬಾಂಬ್ ಬಿದ್ರೂ ಕೇಳ್ಸಲ್ಲ ಮೇಡಂ."

ರೂಪ ಕುಕ್ಕರಗಾಲಲ್ಲಿ ಕೂತಳು. ನೆಲದ ತುಂಬ ಗ್ರೈಂಡರಿನ ಕಪ್ಪು ಪುಡಿ. ಅದರ ಮೇಲೆ ಬೂಟಿನ ಗುರುತುಗಳು, ಅವುಗಳ ನಡುವೆ ಐದು ಬೆರಳು ಮೂಡಿದ ಹೆಜ್ಜೆ. ಒಂದು ಹೆಜ್ಜೆಯ ಪಕ್ಕ ಒಣಗಿದ ರಕ್ತದ ಕಲೆ.

"ಇಲ್ಲಿ ಬರಿಗಾಲಲ್ಲಿ ಓಡಾಡ್ತೀರಾ?"

"ಬರಿಗಾಲಾ? ಕಾಲು ಜರಡಿ ಆಗ್ಬಿಡುತ್ತೆ!"

"ಚಿಕ್ಕವೆಂಕಟಪ್ಪ?"

"ಗಮ್‌ಬೂಟ್ ಇಲ್ದೆ ಒಳಗೆ ಬರಲ್ಲ. ಆದ್ರೆ ಕಳ್ತನಕ್ಕೆ ಬಂದೋನು ಸದ್ದಾಗ್ಬಾರ್ದು ಅಂತ ಬಿಚ್ಚಿರ್ತಾನೆ."

"ಬಾಂಬ್ ಬಿದ್ರೂ ಕೇಳ್ಸಲ್ಲ ಅಂದ್ರಿ. ಸುತ್ತಿಗೇಲಿ ಹೊಡೆಯೋಕೆ ಹೆದರದೋನು ಬೂಟಿನ ಸದ್ದಿಗೆ ಹೆದರ್ತಾನಾ?"

ಕೆಂಪರಾಜು ಬಗ್ಗಿ ಆ ಹೆಜ್ಜೆಯನ್ನೇ ನೋಡಿದ.

"ನಡೀರಿ, ನಿಮ್ಮನೇಲಿ ಒಂದು ಲೋಟ ನೀರು ಕುಡಿಯೋಣ," ಅಂದಳು ರೂಪ.

ಜಗಲಿಯ ಮೇಲೆ ಅಪ್ಪಯ್ಯಣ್ಣ ಕೂತಿದ್ದರು. ಎಂಬತ್ತರ ಹತ್ತಿರದ ಜೀವ, ಒಂದು ಕಾಲದಲ್ಲಿ ಅರ್ಧ ಊರಿಗೆ ಕೂಲಿ ಕೊಟ್ಟ ಕೈ. ಪೊಲೀಸರನ್ನು ಕಂಡವರೇ ಪಂಚೆಯನ್ನು ಪಾದದ ಮೇಲೆಳೆದುಕೊಂಡರು. ಅಷ್ಟರಲ್ಲಿ ರೂಪ ಬಟ್ಟೆ ಸುತ್ತಿದ ಹೆಬ್ಬೆರಳು ನೋಡಿಯಾಗಿತ್ತು.

"ಕಾಲಿಗೇನಾಯ್ತು ಯಜಮಾನ್ರೇ?"

"ಕಲ್ಲು ಎಡವ್ದೆ."

"ಎಲ್ಲಿ?"

"ಎಲ್ಲೋ. ವಯಸ್ಸಾಯ್ತಲ್ಲ ತಾಯಿ."

ರೂಪ ವಾಣಿಶ್ರೀಯ ಕೈಯಿಂದ ನೀರು ಇಸಿದುಕೊಂಡಳು. "ದೇವ್ರಿಗೆ ಕೈ ಮುಗೀಬೋದೇನಮ್ಮಾ?"

"ಬನ್ನಿ ಮೇಡಂ, ಅದಕ್ಕೇನು..."

"ಬ್ಯಾಡ!" ಅಪ್ಪಯ್ಯಣ್ಣ ದಡಕ್ಕನೆ ಎದ್ದರು. "ಒಳಗೋಗಂಗಿಲ್ಲ. ಸೂತಕ ಐತೆ."

ವಾಣಿಶ್ರೀ ಕಣ್ಣರಳಿಸಿದಳು. "ಸೂತಕಾನಾ? ಯಾರದು ಮಾವ?"

ಅಪ್ಪಯ್ಯಣ್ಣ ಮಗನ ಮುಖ ನೋಡಿದರು, ತಕ್ಷಣ ಕಣ್ಣು ಕೆಳಗೆ ಹಾಕಿದರು. ಆ ಒಂದು ನೋಟ ಸಾಕಾಯಿತು. ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ ಅಂದುಕೊಂಡ ಕೆಂಪರಾಜು.

ರೂಪ ಬೂಟು ಬಿಚ್ಚಿಟ್ಟು ಒಳಗೆ ಹೋದಳು. ದೇವರ ಮನೆಯ ಮಣೆಯ ಹಿಂದಿನಿಂದ ಟವೆಲ್ಲಿನ ಗಂಟು ತಂದು ಬಿಚ್ಚಿದಳು. ಸೀಳಿದ ಸೇರು. ಅದಕ್ಕೆ ಹೊಸದಾಗಿ ಅರಿಶಿನ-ಕುಂಕುಮ ಬೇರೆ.

"ಕೆಂಪರಾಜು ಅವ್ರೇ, ಆ ಹೆಜ್ಜೆ ನಿಮ್ಮ ಕಣ್ಣಿಗೂ ಬಿದ್ದಿತ್ತು. ಆದ್ರೆ ಕಳ್ಳ ಚಿಕ್ಕವೆಂಕಟಪ್ಪನೇ ಅಂತ ಮೊದ್ಲೇ ಗಟ್ಟಿ ಮಾಡ್ಕೊಂಡಿದ್ರಿ. ಗುಜರಿಯವನಿಗೆ ಇದು ಬರೀ ಕಬ್ಬಿಣ, ನಿಮಗೆ ಬರೀ ಆಕಾರ. ಸೇರು ಅಂದ್ರೆ ಮನೆ ಲಕ್ಷ್ಮಿ, ಮೆಟ್ಟು ಹಾಕ್ಕೊಂಡು ಮುಟ್ಟಬಾರ್ದು ಅನ್ನೋರು ಮಾತ್ರ ಬಾಗಿಲಲ್ಲಿ ಚಪ್ಪಲಿ ಬಿಡ್ತಾರೆ. ಅಂಥೋರಿಗೆ ಇದನ್ನ ಬಾವಿಗೆ ಎಸೆಯೋಕೂ ಮನಸ್ಸು ಬರಲ್ಲ. ಅದಕ್ಕೇ ದೇವರ ಮನೆ ಹುಡುಕ್ದೆ. ಕಿತ್ತಿದ್ದು ನಿಮ್ಮ ತಂದೆ."

"ಯಾಕಪ್ಪಾ?" ಕೆಂಪರಾಜು ಅಪ್ಪನ ಕಡೆ ತಿರುಗಿದ. "ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?"

ರೂಪ ಒಳಗಿನ ಎರಡನೆಯ ತಳವನ್ನು ಬೆರಳಿನಿಂದ ಬಡಿದಳು.

"ಕೇಳಿದ್ರೆ ಇದ್ಯಾಕೆ ಅಂತ ನೀವೂ ಕೇಳ್ತಿದ್ರಿ. ಹೊರಗಿಂದ ನೋಡಿದ್ರೆ ತುಂಬಿದ ಸೇರು, ಒಳಗೆ ಎರಡು ಬೆರಳಷ್ಟು ಖೋತಾ. ಕೂಲಿಯವರಿಗೆ ರಾಗಿ ಅಳೆಯೋಕೆ ಅಂತ ಮಾಡಿಸಿದ ಸೇರು. ಹೌದಲ್ವಾ ಯಜಮಾನ್ರೇ?"

"ನಮ್ಮಪ್ಪನ ಕಾಲದ್ದು," ಅಂದರು ಅಪ್ಪಯ್ಯಣ್ಣ. ಆಮೇಲೆ ತಾವೇ, "ನಾನೂ ಅದ್ರಲ್ಲೇ ಅಳ್ದೆ," ಅಂದರು.

ಕೆಂಪರಾಜುವಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆ ಎರಡು ಬೆರಳಿನ ಸಂದನ್ನು ನೋಡಿ ಕುಣಿದವನು ಅವನು. ಅದಕ್ಕೆ ದೀಪ ಬಿಡಲು ಹೋಟೆಲಿನವರಿಗೆ ಹೇಳಿ ಬಂದವನು. ಆ ಸೇರಿನ ರಾಗಿಮುದ್ದೆ ತಿಂದೇ ಬೆಳೆದವನು ಇನ್ನೊಬ್ಬನ ಕೊರಳಪಟ್ಟಿ ಹಿಡಿದಿದ್ದ, ಸರ್ಕಲ್ಲಿನಲ್ಲಿ, ಹತ್ತು ಜನರೆದುರು.

ಅಪ್ಪಯ್ಯಣ್ಣ ಕೈ ಮುಗಿದರು. "ತಾಯಿ, ಕದ್ದೋನು ನಾನೇ ಅಂತ ಬರ್ಕೊಳ್ಳಿ. ಜೈಲಿಗೆ ಬೇಕಾದ್ರೂ ಹಾಕಿ. ಸೇರಿನ ಮಾತು ಮಾತ್ರ ಊರಿಗೆ ಬ್ಯಾಡ. ವಂಶದ ಮರ್ಯಾದೆ."

"ಕಂಪ್ಲೇಂಟ್ ಕೊಟ್ಟೋರು ಇವರು," ರೂಪ ಕೆಂಪರಾಜುವಿನ ಕಡೆ ತಿರುಗಿದಳು. "ಏನು ಬರೀಲಿ?"

ಮುಚ್ಚಿಹಾಕಬಹುದಿತ್ತು. ಒಂದು ಸುಳ್ಳು ಹೇಳಿದರೆ ಮುಗಿದೇಹೋಗುತ್ತಿತ್ತು, ನಾಳೆಯ ಲಾರಿಯೂ ಬರುತ್ತಿತ್ತು. ಕೆಂಪರಾಜು ಅಪ್ಪನ ಮುಖ ನೋಡದೆ ಹೇಳಿದ. "ಎರಡೂ ಬರೀರಿ ಮೇಡಂ. ಆ ಸೇರು ಕೊಡಿ, ನಾನೇ ತರ್ತೀನಿ."

ಸ್ಟೇಷನ್ನಿನ ಬೆಂಚಿನ ಮೇಲೆ ಚಿಕ್ಕವೆಂಕಟಪ್ಪ, ಅವನ ಪಕ್ಕದಲ್ಲಿ ಅವನ ತಾಯಿ ಮುತ್ತಮ್ಮ. ಕಣ್ಣಿಗೆ ಪೊರೆ ಬಂದ ಮುದುಕಿ, ಮಗನ ಜೊತೆ ಬರುತ್ತೇನೆ ಅಂತ ಹಟ ಹಿಡಿದು ಬಂದಿದ್ದಳು.

"ವೆಂಕಟಪ್ಪಾ," ಕೆಂಪರಾಜು ಬೆಂಚಿನ ಎದುರು ಬಂದು ನಿಂತ. "ನೀನು ಕದ್ದಿಲ್ಲ. ಅದನ್ನ ಸರ್ಕಲ್ಲಲ್ಲೇ ನಿಂತು ಹೇಳ್ತೀನಿ. ತಪ್ಪಾಯ್ತು ಕಣಪ್ಪಾ."

ಚಿಕ್ಕವೆಂಕಟಪ್ಪ ಕರಗಲಿಲ್ಲ. "ನಂಗೊತ್ತು ನಾನು ಕದ್ದಿಲ್ಲ ಅಂತ. ಒಳಗೆ ಏನೈತೆ ಅಂತ ಮೊನ್ನೇನೇ ನೋಡ್ದೆ. ನಂಗಲ್ಲ, ನಮ್ಮವ್ವಂಗೆ ಹೇಳಿ."

ಕೆಂಪರಾಜು ನೆಲಕ್ಕೆ ಕೂತು ಸೇರನ್ನು ಮುತ್ತಮ್ಮನ ಮಡಿಲಲ್ಲಿಟ್ಟ. "ನಮ್ಮನೆ ಸೇರು ಕಣಮ್ಮ. ನಿಮಗೆ ಕೂಲಿ ಅಳೀತಿದ್ದಿದ್ದು. ಎರಡು ತಳ ಐತೆ ಇದಕ್ಕೆ."

ಮುದುಕಿಯ ಕೈ ತಡವಿತು. ಎರಡು ತಳದ ಸಂದಿಯೊಳಗೆ ಅವಳ ಎರಡು ಬೆರಳು ಒಟ್ಟಿಗೆ ಹೋದವು. ಬಹಳ ಹೊತ್ತು ಅಲ್ಲೇ ಇದ್ದವು. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಅಂತ ಕೆಂಪರಾಜು ತಲೆ ತಗ್ಗಿಸಿ ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಅವನ ಕಡೆ ತಿರುಗಲೇ ಇಲ್ಲ.

"ಅಯ್ಯೋ ನನ್ನ ಕಂದಾ," ಅಂದಳು ಮಗನಿಗೆ. "ಕೂಲಿ ರಾಗಿ ನಿನ್ನ ಕೈಲಿ ಕಳಿಸ್ತಿದ್ದೆ. ಮನೇಲಿ ಪಾವಿನಾಗೆ ಅಳೆದ್ರೆ ದಿನಾ ಕಮ್ಮಿ ಬರೋದು. ದಾರೀಲಿ ಮಾರ್ಕೊಂಡು ಮಿಠಾಯಿ ತಿಂದೆ ಅಂತ ಬೀದೀಲಿ ನಿಲ್ಸಿ ಬೈದ್ನಲ್ಲೋ. ಬರೆ ಎಳೆದ್ನಲ್ಲೋ."

"ಹೋಗ್ಲಿ ಬಿಡವ್ವ."

"ನೀನು ಇಲ್ಲಾ ಇಲ್ಲಾ ಅಂತಿದ್ದೆ. ನಾನು ಕೇಳ್ಲೇ ಇಲ್ಲ. ಯಾವ ಕೈಗೆ ಮಗಾ? ತೋರ್ಸು."

ಚಿಕ್ಕವೆಂಕಟಪ್ಪ ಕೈ ಹಿಂದಕ್ಕೆಳೆದುಕೊಂಡ. ಮುತ್ತಮ್ಮ ಬಿಡಲಿಲ್ಲ. ಅವನ ಅಂಗಿಯ ತೋಳು ಮೇಲೆ ಸರಿಸಿ, ಕಾಣದ ಕಣ್ಣನ್ನು ಹತ್ತಿರ ತಂದು, ತಾನು ಎಳೆದ ಬರೆ ಎಲ್ಲಿದೆ ಅಂತ ಬೆರಳಿನಿಂದ ಹುಡುಕತೊಡಗಿದಳು.