ನಾಲ್ಕನೆಯ ಅಂಚು

ಹನ್ನೆರಡು ಮೊಳ ಅಚ್ಚಿನ ಚೀಟಿ ಬಟ್ಟೆಗೆ, ಮೊಳಕ್ಕೆ ಇಪ್ಪತ್ತೆಂಟು ಕ್ರೈತ್ಸಾರಿನಂತೆ, ಮೂರು ಜ್ಲಾತಿ ಮೂವತ್ತಾರು; ನಮ್ಮಲ್ಲಿ ನೂರು ಕ್ರೈತ್ಸಾರಿಗೆ ಒಂದು ಜ್ಲಾತಿ. ಒಳಪದರಕ್ಕೆ ಅರವತ್ತು. ಗುಂಡಿಗೆ ಹದಿನೆಂಟು. ಹೊಲಿಗೆಗೆ ಒಂದು ಜ್ಲಾತಿ ಇಪ್ಪತ್ತು. ಹೋಟೆಲಿನ ಹಿಂದಿನ ಹಾಲ್‌ನಲ್ಲಿ ನಾಟಕದ ಮುಂದಿನ ಬೆಂಚಿಗೆ ನಲವತ್ತು. ನಮ್ಮೂರಿನ ಹುಡುಗಿಯೊಬ್ಬಳು ಹೊಸ ಉಡುಪು ತೊಟ್ಟು ಈಸ್ಟರ್ ನಾಟಕಕ್ಕೆ ಮುಂದೆ ಕೂರಬೇಕೆಂದರೆ ಒಟ್ಟು ಐದು ಜ್ಲಾತಿ ಎಪ್ಪತ್ತನಾಲ್ಕು. ಅವಳ ಅಪ್ಪ ಹದಿನೈದು ದಿನ ಗೊಣಗಲು ಅಷ್ಟು ಸಾಕು.

ಊರಿಗೆ ರೈಲು ಬಂದು ಎರಡು ವರ್ಷವಾಗಿತ್ತು. ಚೌಕದ ಮೂಲೆಯಲ್ಲಿ ನಮ್ಮ ಬಟ್ಟೆ ಅಂಗಡಿ. ಅದರ ಯಜಮಾನಿ ನನ್ನ ದೊಡ್ಡಮ್ಮ ಒಟೀಲಿಯೆ. ವಸಂತಕ್ಕೆ ಪ್ರಾಗ್‌ನಿಂದ ಹೊಸ ಚೀಟಿ ಬಟ್ಟೆ ಬಂದಾಗ ಒಂದು ಚಿತ್ತಾರದಲ್ಲಿ ಒಂದೇ ಒಂದು ಉಡುಪಿನಷ್ಟು ಮಾರಬೇಕು, ಎರಡನೆಯವಳಿಗೆ ಕೊಡಕೂಡದು, ಇದು ದೊಡ್ಡಮ್ಮನ ಕಟ್ಟಳೆ. ಈಸ್ಟರ್ ಪ್ರಾರ್ಥನೆಯಲ್ಲಿ ಇಬ್ಬರು ಹೆಂಗಸರು ಒಂದೇ ಬಟ್ಟೆಯಲ್ಲಿ ಎದುರಾದರೆ ಇಬ್ಬರ ಮನೆಯೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎನ್ನುತ್ತಿದ್ದಳು. ಕೊಟ್ಟ ಬಟ್ಟೆಯ ಅಂಗೈಯಷ್ಟು ತುಂಡನ್ನು ಒಂದು ದಪ್ಪ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಕೊಂಡವಳ ಹೆಸರು ಬರೆಯುತ್ತಿದ್ದೆವು. ಉಳಿದದ್ದು ಬೇರೆ ಊರಿನ ಸಂತೆಗೆ ಹೋಗುತ್ತಿತ್ತು.

ನಾಟಕದಲ್ಲಿ ನಟರು ಮರೆತ ಮಾತು ಎತ್ತಿಕೊಡುವವಳು ನಾನು. ವೇದಿಕೆಯ ಮುಂದೆ ನೆಲದಲ್ಲಿ ಒಂದು ಗೂಡು, ಮೇಲೊಂದು ಮರದ ಮುಚ್ಚಿಗೆ. ಅಲ್ಲಿ ಮೋಂಬತ್ತಿ ಹಚ್ಚಿಕೊಂಡು ಕೂತರೆ ನನಗೆ ಕಾಣುವುದು ಬೂಟುಗಳು ಮತ್ತು ಲಂಗದ ಅಂಚುಗಳು. ಯಾರ ಅಂಚು ಎಷ್ಟು ಮೊಳದ್ದು ಎಂದು ಹೇಳಬಲ್ಲೆ. ಮುಖ ನೋಡಬೇಕಾದರೆ ಅವರೇ ಮಾತು ಮರೆತು ಬಗ್ಗಬೇಕು.

ಕ್ರಿಶ್ಟೋಫ್ ಬಹಳ ಮರೆಯುತ್ತಿದ್ದ.

ಅವನು ಕುದುರೆಗಳಿಗೆ ಜೀನು ಹೊಲಿಯುವವನು. ಅಗಲ ಭುಜ, ಸೂಜಿ ತಿವಿದ ಬೆರಳುಗಳು, ನಗಬೇಕೋ ಬೇಡವೋ ಎಂದು ಯೋಚಿಸಿ ನಗುವ ತುಟಿ. ಮೂರು ವರ್ಷದ ಹಿಂದೆ ಅವನಿಗೂ ನನ್ನ ಗೆಳತಿ ಹೆಡ್ವಿಕಾಗೂ ಮದುವೆ ಗೊತ್ತಾಗಿತ್ತು. ಆ ಈಸ್ಟರಿಗೆ ಇಬ್ಬರೂ ಒಂದೇ ನಾಟಕದಲ್ಲಿದ್ದರು. ಅದಕ್ಕಾಗಿ ಹೆಡ್ವಿಕಾ ಮುತ್ತಿನ ಬೂದು ಬಣ್ಣದ, ಚೆರ್ರಿ ಹೂವಿನ ಪುಟ್ಟ ಟೊಂಗೆಗಳ ಬಟ್ಟೆ ಕೊಂಡಳು. ಅಂಚನ್ನು ತಾನೇ ಹೊಲಿದಳು. ಬೂದು ದಾರ ಮುಗಿದಾಗ ಕೊನೆಯ ಗೇಣನ್ನು ಕೆಂಪು ದಾರದಲ್ಲಿ ಮುಗಿಸಿದಳು.

"ಉಳಿದ ಹನ್ನೆರಡು ಮೊಳ ಸಂತೆಗೆ ಕಳಿಸ್ಬೇಡ ಕಣೆ," ಎಂದಿದ್ದಳು. "ನನ್ನ ಮದುವೇಲಿ ನೀನೂ ಅದನ್ನೇ ತೊಡು. ನಿನ್ನ ದೊಡ್ಡಮ್ಮನ ಕಟ್ಟಳೆ ಮುರಿಯೋಣ."

ಈಸ್ಟರಿಗೆ ಎರಡು ವಾರ ಇರುವಾಗ ಎದೆಗೆ ಜ್ವರ ಇಳಿದು ಅವಳು ತೀರಿಹೋದಳು. ಮದುವೆಯಾಗದ ಹುಡುಗಿಯನ್ನು ಮದುಮಗಳ ಹಾಗೆ ಕಳಿಸುವುದು ನಮ್ಮ ಪದ್ಧತಿ. ಮಿರ್ಟಲ್ ಎಲೆಯ ಕಿರೀಟ ಇಟ್ಟು, ಆ ಬೂದು ಉಡುಪನ್ನೇ ತೊಡಿಸಿದರು. ನಾಟಕ ನಿಂತಿತು. ಉಳಿದ ಹನ್ನೆರಡು ಮೊಳ ನನ್ನ ಪೆಟ್ಟಿಗೆಯ ತಳ ಸೇರಿತು.

ಮೂರು ವರ್ಷವಾದ ಮೇಲೆ ಊರಿನ ನಾಟಕ ಸಂಘದವರು ಅದನ್ನೇ ಮತ್ತೆ ಎತ್ತಿಕೊಂಡರು. ಹೆಡ್ವಿಕಾಳ ಪಾತ್ರ ಮೇಯರ್ ಮಗಳು ವಿಲೆಮೀನಾಗೆ ಬಂತು. ಈಸ್ಟರಿಗೆ ಮುಂಚಿನ ಉಪವಾಸದ ಮೊದಲ ಗುರುವಾರ ಕ್ರಿಶ್ಟೋಫ್ ಅಂಗಡಿಗೆ ಬಂದು ಟೋಪಿ ತೆಗೆದು ನಿಂತ.

"ಪ್ರಾಗ್‌ಗೆ ಒಂದು ಕಾಗದ ಬರೀತೀಯಾ, ಅಪೊಲೆನಾ? ನಂಗೆ ಹನ್ನೆರಡು ಮೊಳ ಚೀಟಿ ಬಟ್ಟೆ ಬೇಕು."

"ಈಗ ಕುದುರೆಗೂ ಲಂಗ ಹೊಲೀತೀಯೇನೋ?" ಒಲೆಯ ಪಕ್ಕದಿಂದ ದೊಡ್ಡಮ್ಮ ಕೇಳಿದಳು.

ಅವನು ನಗಲಿಲ್ಲ. "ಹೆಡ್ವಿಕಾ ತೊಟ್ಟಿದ್ದಳಲ್ಲ, ಅದೇ. ಮುತ್ತಿನ ಬೂದು, ಚೆರ್ರಿ ಟೊಂಗೆ. ಮೂರನೇ ಅಂಕಕ್ಕೆ ವಿಲೆಮೀನಾ ಅದನ್ನ ತೊಡ್ಲಿ, ಇಲ್ಲಾಂದ್ರೆ ನಾನು ಪಾತ್ರ ಮಾಡಲ್ಲ ಅಂದಿದೀನಿ."

"ಯಾಕೆ?" ಎಂದೆ.

ಅವನು ನನ್ನ ತೋಳನ್ನು ನೋಡುತ್ತಾ ಮೆಲ್ಲಗೆ ಹೇಳಿದ. "ಅವಳ ಮುಖ ಮಸುಕಾಗ್ತಿದೆ ಕಣೆ. ಒಂದು ಫೋಟೋನೂ ಇಲ್ಲ. ಆ ಬಟ್ಟೆ ಒಂದ್ಸಲ ದೀಪದ ಬೆಳಕಲ್ಲಿ ನಡೆದು ಬಂದ್ರೆ, ಮುಖ ತಾನಾಗೇ ಬರುತ್ತೆ."

ಬಟ್ಟೆ ನನ್ನ ತಲೆಯ ಮೇಲಿನ ಕೋಣೆಯಲ್ಲೇ ಇತ್ತು. "ಬರೀತೀನಿ. ಮುಂದಿನ ಗುರುವಾರ ಬಾ," ಎಂದೆ.

ನಾನು ಬರೆಯಲಿಲ್ಲ. ಕೊಟ್ಟುಬಿಟ್ಟರೆ ಮುಂದಿನ ಗುರುವಾರ ಅವನು ಬರುವುದಿಲ್ಲವಲ್ಲ. ಹೆಡ್ವಿಕಾ ಇದ್ದಾಗಲೂ ನನಗೆ ಅವನು ಬೇಕಾಗಿದ್ದ. ಆಗ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬಾಯಿ ತೆರೆದು ಸುಳ್ಳು ಹೇಳಿದೆ.

ಅದೇ ವಾರ ತಾಲೀಮು ಶುರುವಾಯಿತು. ಮೂರನೆಯ ಅಂಕದಲ್ಲಿ ವೇದಿಕೆಯ ಮೇಲೆ ಮೂವರು ಹೆಂಗಸರು. ವಿಲೆಮೀನಾಳ ಗುಲಾಬಿ ರೇಷ್ಮೆ, ತಾಯಿಯ ಪಾತ್ರದವಳ ಕಂದು ಉಣ್ಣೆ, ಸೇವಕಿಯ ಪಟ್ಟೆ ಲಂಗ. ನಾನು ಪುಟ ತಿರುಗಿಸಿ ತಲೆಯೆತ್ತಿದಾಗ ನಾಲ್ಕು ಅಂಚುಗಳಿದ್ದವು.

ನಾಲ್ಕನೆಯದು ಕ್ರಿಶ್ಟೋಫನ ಬೂಟಿನ ಪಕ್ಕದಲ್ಲಿ ನಿಂತಿತ್ತು. ಬೂದು. ಒಂದು ಗೇಣು ಕೆಂಪು ದಾರ.

ಮೋಂಬತ್ತಿಯ ಕುಡಿ ಸರಿಮಾಡಿ ಮತ್ತೆ ನೋಡಿದೆ. ಮೂರೇ ಇದ್ದವು. ನಾನು ಹೆದರುವ ಹೆಣ್ಣಲ್ಲ. ಆದರೂ ಆ ಸಂಜೆ ಎರಡು ಸಲ ತಪ್ಪು ಸಾಲು ಎತ್ತಿಕೊಟ್ಟೆ. ಯಾರಿಗೂ ಹೇಳಲಿಲ್ಲ. ಅವಳ ಬಟ್ಟೆಯನ್ನು ಅಡಗಿಸಿಟ್ಟವಳು ಏನೆಂದು ಹೇಳಿಯಾಳು?

ಎರಡನೆಯ ಗುರುವಾರ ಅವನು ಬಂದ.

"ಪ್ರಾಗ್‌ನಿಂದ ಏನಾದ್ರೂ ಬಂತಾ?"

"ಇನ್ನೂ ಇಲ್ಲ. ಮತ್ತೊಂದ್ಸಲ ಹೇಳು, ಅವರಿಗೆ ಸರಿಯಾಗಿ ವಿವರಿಸ್ಬೇಕು."

"ಬೂದು. ಆದ್ರೆ ಸ್ವಲ್ಪ ನೀಲಿ ಇತ್ತು ಅನ್ಸುತ್ತೆ."

ನೀಲಿ ಇರಲಿಲ್ಲ. ನಾನು ತಿದ್ದಲಿಲ್ಲ. ಅವನು ಹೊರಟವನು ಬಾಗಿಲಲ್ಲಿ ತಿರುಗಿ, "ನಿನ್ನೆ ನೀನು ಗೂಡಲ್ಲಿ ಸೇಬು ತಿಂತಿದ್ದೆ," ಎಂದ.

"ನೀನು ಮಾತು ಮರೆಯೋಕೆ ಮುಂಚೆನೇ ತಿಂದು ಮುಗಿಸೋಣ ಅಂತ."

"ಅದಕ್ಕೇ ಮರೆತೆ. ಕಚ್ಚಿದ ಸದ್ದಿಗೆ."

"ಸೇಬಿನ ಮೇಲೆ ಹಾಕು ತಪ್ಪನ್ನ! ಗಂಡಸರು ಆದಮನ ಕಾಲದಿಂದ ಅದನ್ನೇ ಮಾಡ್ತಿದೀರಿ," ಎಂದಳು ದೊಡ್ಡಮ್ಮ. ಅಂದು ಅವನು ಯೋಚಿಸದೆ ನಕ್ಕ.

ಮೂರನೆಯ ಗುರುವಾರ ಅವನ ನೆನಪಿನ ಬಟ್ಟೆ ಗಾಢ ನೀಲಿಯಾಯಿತು. ನಾಲ್ಕನೆಯ ಗುರುವಾರ, "ಟೊಂಗೆ ಅಲ್ಲ ಕಣೆ, ಚುಕ್ಕಿ. ಬಿಳಿ ಚುಕ್ಕಿಯ ಹೂ," ಎಂದ. ಐದನೆಯ ಗುರುವಾರ ಕಣ್ಣು ಮುಚ್ಚಿ, ಬೆರಳಿನಿಂದ ಬಟ್ಟೆ ಅಳೆಯುವ ಕಟ್ಟೆಯ ಮೇಲೆ ಬರೆದು ತೋರಿಸಿದ. "ಒಂದೊಂದು ಹೂವಿಗೆ ಆರು ಚುಕ್ಕಿ. ಸಾಲಿನ ಕೊನೆ ಹೂವಿಗೆ ಐದೇ. ಚೆನ್ನಾಗಿ ನೆನಪಿದೆ."

ಅವನು ಹೋದ ಮೇಲೆ ನಾನು ನನ್ನ ತೋಳು ನೋಡಿಕೊಂಡೆ. ನನ್ನಪ್ಪ ಬಟ್ಟೆಗೆ ಬಣ್ಣ ಹಾಕಿ ಅಚ್ಚೊತ್ತುವವನಾಗಿದ್ದ, ನಾನು ದಿನವೂ ತೊಡುತ್ತಿದ್ದ ನೀಲಿ ಬಟ್ಟೆ ಅವನು ಒತ್ತಿದ್ದು. ಅಪ್ಪನ ಅಚ್ಚಿನಿಂದ ಚುಕ್ಕಿ ಮೂಡಿಸುವ ಒಂದು ಹಿತ್ತಾಳೆ ಮೊಳೆ ಬಿದ್ದುಹೋಗಿತ್ತು. ಹೂವಿಗೆ ಆರು ಬಿಳಿ ಚುಕ್ಕಿ. ಸಾಲಿನ ಕೊನೆಯದಕ್ಕೆ ಐದೇ.

"ಈಗ ಗೊತ್ತಾಯ್ತಾ ನಿಂಗೆ?" ದೊಡ್ಡಮ್ಮ ಒಲೆಯ ಕಡೆಗೇ ನೋಡುತ್ತಾ ಹೇಳಿದಳು. "ನಂಗೆ ಮೂರನೇ ವಾರವೇ ಗೊತ್ತಾಯ್ತು."

ನನಗೆ ಸಂತೋಷವಾಗಬೇಕಿತ್ತು. ಒಂದು ಕ್ಷಣ ಆಯಿತು ಕೂಡ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಅವನು ಹೆಡ್ವಿಕಾಳನ್ನು ಹುಡುಕಿಕೊಂಡು ಬರುತ್ತಿದ್ದ. ನಾನು ಕಟ್ಟೆಯ ಈಚೆ ನಿಂತು, ವಾರಕ್ಕೊಂದು ಎಳೆಯಂತೆ ಅವಳನ್ನು ಬಿಚ್ಚಿಹಾಕುತ್ತಿದ್ದೆ. ಸುಮ್ಮನಿದ್ದರೆ ಅವನು ನನ್ನವನಾಗುತ್ತಿದ್ದ, ಅದೂ ಅವನಿಗೆ ಗೊತ್ತಾಗದ ಹಾಗೆ. ಆ ಸಂಜೆ ತಾಲೀಮಿನಲ್ಲಿ ನಾಲ್ಕನೆಯ ಅಂಚು ಅವನ ಬೂಟನ್ನು ಬಿಟ್ಟು ನನ್ನ ಗೂಡಿನ ಬಾಯಿಯವರೆಗೂ ಬಂದು ನಿಂತಿತು.

ಈಸ್ಟರಿಗೆ ಮುಂಚಿನ ಗುರುವಾರ ಚರ್ಚಿನ ಗಂಟೆಗಳೆಲ್ಲ ಮೌನವಾಗುತ್ತವೆ. ಮಕ್ಕಳು ಮರದ ಗಿಲಕಿ ತಿರುಗಿಸುತ್ತಾ ಹೊತ್ತು ಸಾರುತ್ತಾರೆ. ಆ ಸದ್ದಿನ ನಡುವೆ ಕ್ರಿಶ್ಟೋಫ್ ಬಂದ. ನಾನು ಬಟ್ಟೆಯನ್ನು ಕಟ್ಟೆಯ ಮೇಲೆ ಹರಡಿದೆ.

ಅವನು ಬೆರಳಿನಿಂದ ಸವರಿದ. "ಚೆನ್ನಾಗಿದೆ. ಆದ್ರೆ ಇದಲ್ಲ."

"ಸರಿಯಾಗಿ ನೋಡು."

"ಇದಲ್ಲ ಕಣೆ ಅಪೊಲೆನಾ. ಅದು ಇನ್ನೂ ನೀಲಿ. ಇದೋ, ಈ ಥರ..." ಅವನ ಬೆರಳು ಗಾಳಿಯಲ್ಲಿ ಹುಡುಕಿ ನನ್ನ ತೋಳಿನ ಮೇಲೆ ಬಂದು ನಿಂತಿತು. ಚುಕ್ಕಿಗಳ ಮೇಲೆ, ಕೊನೆಯ ಹೂವಿನ ಮೇಲೆ. ನನ್ನ ನಾಡಿ ಅವನಿಗೆ ತಗುಲಿರಬೇಕು. ಆ ಬೆರಳನ್ನು ಅಲ್ಲೇ ಇರಗೊಡಲು ಏನು ಬೇಕಾದರೂ ಕೊಡುತ್ತಿದ್ದೆ.

ತೋಳು ಹಿಂದೆಗೆದುಕೊಂಡು ಪುಸ್ತಕ ತೆರೆದೆ. ಅಂಗೈಯಷ್ಟು ಬೂದು ತುಂಡು, ಚೆರ್ರಿ ಟೊಂಗೆ, ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ ಹೆಡ್ವಿಕಾಳ ಹೆಸರು.

ಅವನು ಅದನ್ನು ಓದಿದ. ಕಟ್ಟೆಯ ಮೇಲಿನ ಬಟ್ಟೆ ನೋಡಿದ. ಮತ್ತೆ ಓದಿದ. ಹೊರಗೆ ಗಿಲಕಿಗಳು ದಾಟಿ ಹೋದವು.

"ನಾನು ಅವಳದ್ದನ್ನ ಮುಟ್ಟಿ... ಇದಲ್ಲ ಅಂದೆ."

"ಹೂಂ."

"ಇದು ನಿನ್ನ ಹತ್ರ ಯಾವಾಗಿಂದ ಇದೆ?"

"ಮೂರು ವರ್ಷದಿಂದ."

"ಪ್ರಾಗ್‌ಗೆ ಬರೆದದ್ದು?"

"ಬರೀಲೇ ಇಲ್ಲ. ನೀನು ಬರ್ತಾ ಇರ್ಲಿ ಅಂತ."

ಅವನ ಮುಖದಲ್ಲಿ ಕೋಪ ಬರಲಿ ಎಂದು ಕಾದೆ. ಕೋಪವಾದರೆ ತಡೆದುಕೊಳ್ಳಬಹುದಿತ್ತು. ಅವನು ಸುಮ್ಮನೆ, ದಾರಿ ತಪ್ಪಿದವನ ಹಾಗೆ ಬಾಗಿಲು ಹುಡುಕಿಕೊಂಡು ಹೋದ. ಟೋಪಿ ಕಟ್ಟೆಯ ಮೇಲೆಯೇ ಉಳಿಯಿತು.

"ಟೋಪಿ ಬಿಟ್ಟು ಹೋದೋನು ಮತ್ತೆ ಬರಲೇಬೇಕು," ಎಂದಳು ದೊಡ್ಡಮ್ಮ.

"ಹೊಸದು ಕೊಂಡ್ಕೋತಾನೆ ಬಿಡು," ಎಂದೆ.

ಭಾನುವಾರ ನಾಟಕ. ಹಾಲ್ ತುಂಬಿ, ಹಿಂದೆ ನಿಂತವರು ಕಿಟಕಿ ಹತ್ತಿದ್ದರು. ವಿಲೆಮೀನಾ ತನ್ನ ಗುಲಾಬಿ ರೇಷ್ಮೆಯಲ್ಲೇ ಬಂದಳು. ಕ್ರಿಶ್ಟೋಫ್ ಮೊದಲ ಅಂಕದಲ್ಲಿ ಒಂದು ಮಾತೂ ಮರೆಯಲಿಲ್ಲ. ಎರಡನೆಯದರಲ್ಲೂ ಇಲ್ಲ. ಆರು ವರ್ಷದಲ್ಲಿ ಹಾಗೆ ಆದದ್ದೇ ಇಲ್ಲ. ಒಂದು ಸಲವೂ ಬಗ್ಗಿ ನೋಡಲಿಲ್ಲ. ನಾನು ಅವನ ಬೂಟಿನ ತುದಿಯನ್ನೇ ನೋಡುತ್ತಾ, ಯಾರಿಗೂ ಬೇಡವಾದ ಮಾತುಗಳ ಪುಟ ತಿರುಗಿಸುತ್ತಾ ಕೂತಿದ್ದೆ.

ಮೂರನೆಯ ಅಂಕದಲ್ಲಿ ನಾಲ್ಕು ಅಂಚುಗಳು. ಬೂದು ಅಂಚು ಅವನಿಗೂ ನನಗೂ ನಡುವೆ ನಿಂತಿತ್ತು.

ನಾಯಕಿ ಮನೆ ಬಿಟ್ಟು ಹೊರಡುತ್ತಾಳೆ, ಅವನು ತಡೆಯಬೇಕು. ಅವನ ಮಾತು ಇಷ್ಟೇ: "ಹೋಗಬೇಡ. ನಾನು ಇಲ್ಲಿದ್ದೇನೆ." ಮೊದಲ ತಾಲೀಮಿನಿಂದ ಅವನು ಎಂದೂ ಮರೆಯದಿದ್ದ ಒಂದೇ ಮಾತು ಅದು.

ಅವನು ನಿಲ್ಲಿಸಿದ. ಹಾಲ್ ಕಾಯಿತು. ಬೂಟುಗಳು ನನ್ನ ಕಡೆ ತಿರುಗಿದವು, ಮಂಡಿ ಬಾಗಿತು, ಅವನ ಮುಖ ಕೆಳಗಿಳಿಯಿತು. ಕಣ್ಣು ಕೆಂಪಾಗಿತ್ತು. ಆದರೆ ಅದು ಮಾತು ಮರೆತವನ ಮುಖವಲ್ಲ. ಮರೆತ ಮುಖ ನನಗೆ ಚೆನ್ನಾಗಿ ಗೊತ್ತು.

"ಹೋಗಬೇಡ," ಎಂದು ಪಿಸುಗುಟ್ಟಿದೆ.

ಅವನು ಕಾದ.

"ಹೋಗಬೇಡ. ನಾನು ಇಲ್ಲಿದ್ದೇನೆ."

"ಕೇಳಿಸ್ಲಿಲ್ಲ," ಎಂದ, ತುಟಿಯಲ್ಲೇ.

ಮೂರನೆಯ ಸಲ ನಾನು ಹೇಳಿದ್ದು ಮುಂದಿನ ಎರಡು ಬೆಂಚಿಗೂ ಕೇಳಿಸಿತು. ಯಾರೋ ನಕ್ಕರು. ಅವನು ಅದೇ ಮಾತನ್ನು ಎತ್ತಿ ಹೇಳಿದ, ನನ್ನ ಗೂಡಿಗೇ, ಒಂದೊಂದು ಅಕ್ಷರವೂ ನನಗೇ ಎಂಬಂತೆ.

"ನಾನು ಇಲ್ಲಿದೀನಿ ಕಣಯ್ಯಾ, ಮೇಲೆ!" ವಿಲೆಮೀನಾ ಹಲ್ಲು ಕಚ್ಚಿ ಅಂದಳು. ಹಾಲ್ ಬಿದ್ದು ಬಿದ್ದು ನಕ್ಕಿತು.

ಆ ನಗುವಿನ ನಡುವೆ ಬೂದು ಅಂಚು ತಿರುಗಿತು. ಕೆಂಪು ದಾರ ಒಮ್ಮೆ ದೀಪಕ್ಕೆ ಹೊಳೆಯಿತು. ಅದು ಹೊರಗೆ ಹೋದಾಗ ಬಾಗಿಲಿನ ಪರದೆ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ, ಈಸ್ಟರ್ ಸೋಮವಾರ, ಗಂಡಸರು ಹೆಣೆದ ವಿಲೋ ಕಡ್ಡಿ ಹಿಡಿದು ಹೆಂಗಸರ ಬಾಗಿಲಿಗೆ ಬರುವ ದಿನ. ಲಂಗಕ್ಕೆ ಮೆಲ್ಲಗೆ ಒಂದು ಏಟು. ಬದಲಿಗೆ ಬಣ್ಣದ ಮೊಟ್ಟೆ, ಕಡ್ಡಿಗೊಂದು ಬಟ್ಟೆಯ ಪಟ್ಟಿ. ಕ್ರಿಶ್ಟೋಫ್ ಬರಿತಲೆಯಲ್ಲಿ ಬಂದು ನಿಂತ.

"ಟೋಪಿಗೆ ಬಂದ್ಯೋ, ಮೊಟ್ಟೆಗೆ ಬಂದ್ಯೋ?" ದೊಡ್ಡಮ್ಮ ಕೇಳಿದಳು.

"ಎರಡಕ್ಕೂ ಅಲ್ಲ, ಅತ್ತೆ."

"ಓಹೋ, ಆಗಲೇ ಅತ್ತೆ ಆದ್ನಾ ನಾನು?"

ನಾನು ಕತ್ತರಿ ತಂದು ಬೂದು ಬಟ್ಟೆಯ ಅಂಚಿನಿಂದ ಒಂದು ಬೆರಳಗಲ ಕತ್ತರಿಸಿ ಅವನ ಕಡ್ಡಿಗೆ ಕಟ್ಟಿದೆ. ಅವನು ನನ್ನ ಕೈ ಹಿಡಿದುಕೊಂಡ.

"ಅವಳ ಮುಖ ಬರ್ಲಿಲ್ಲ ಅಪೊಲೆನಾ. ನಿನ್ನೆ ಪೂರ್ತಿ ಕಾದೆ. ಬಗ್ಗಿದ್ರೆ ನಿನ್ನ ಮುಖ ಇರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಬಗ್ಗದೆ ಇದ್ದೆ. ಕೊನೆಗೆ ಆಗ್ಲಿಲ್ಲ."

"ನಾನು ಸುಳ್ಳು ಹೇಳಿದೀನಿ."

"ಐದು ವಾರ. ಮುಂದೆ ಹೇಳ್ಬೇಡ."

ಬೇಸಿಗೆಯಲ್ಲಿ ಮದುವೆಯಾಯಿತು. ನಾನು ನೀಲಿ ಉಡುಪನ್ನೇ ತೊಟ್ಟೆ. ಬೂದು ಬಟ್ಟೆಯನ್ನು ಹೆಡ್ವಿಕಾಳ ತಾಯಿಗೆ ಕೊಟ್ಟೆ. ಅವಳು ಅದನ್ನು ದಿಂಬಿಗೆ ಹೊಲಿದು ಸಾಯುವವರೆಗೂ ಅದರ ಮೇಲೆ ಮಲಗಿದಳು.

ಇನ್ನೂ ಹತ್ತೊಂಬತ್ತು ವಸಂತ ನಾನು ಆ ಗೂಡಿನಲ್ಲಿ ಕೂತೆ. ಪ್ರತಿ ನಾಟಕದಲ್ಲೂ ಅಂಚುಗಳನ್ನು ಎಣಿಸಿದೆ. ಹೆಣ್ಣು ಪಾತ್ರಗಳೆಷ್ಟೋ ಅಂಚುಗಳೂ ಅಷ್ಟೇ ಇದ್ದವು.

ನನಗೆ ದಕ್ಕಿದ್ದು ಒಬ್ಬ ಗಂಡ, ಮೂವತ್ತೊಂದು ವರ್ಷ. ಕಳೆದದ್ದು ಒಬ್ಬ ಗೆಳತಿ, ಎರಡು ಸಲ. ಅವಳ ಮುಖ ಅವನಿಗೂ ಮತ್ತೆ ಬರಲಿಲ್ಲ, ನನಗೂ ಬರಲಿಲ್ಲ. ಅಂಗೈಯಷ್ಟು ತುಂಡೊಂದು ಪುಸ್ತಕದಲ್ಲಿದೆ, ಹೆಸರಿನ ಪಕ್ಕದಲ್ಲಿ.