ಗಂಜಿ ಕಾಣದ ಕಂಬಳಿಗಳು

"ನನ್ನ ಬದುಕು ಮುಗೀತ್ರೀ ದುಂಡಕ್ಕಾ!" ಎನ್ನುತ್ತ ದೇವಕ್ಕ ಅಂಗಳದಲ್ಲೇ ಕುಸಿದಾಗ ನಾವು ಆಗಷ್ಟೇ ಚಹಾಕ್ಕೆ ಕೂತಿದ್ದೆವು. ಎಂದಿನಂತೆ ನನ್ನ ಚಹಾ ಆರಿಹೋಯಿತು.

ದುಂಡವ್ವ ಉಣ್ಣೆ ಸಂಘದಲ್ಲಿ ಮೂವತ್ತು ವರ್ಷ ಉಣ್ಣೆ ವಿಂಗಡಿಸಿ ನಿವೃತ್ತಳಾದವಳು. ಊರಲ್ಲಿ ಕೋಳಿ ಕಳೆದರೂ ಜನ ಅವಳ ಕಟ್ಟೆಗೇ ಬರುತ್ತಾರೆ. ನಾನು ಪುಂಡಲೀಕ, ಪಕ್ಕದ ಮನೆಯ ಹಳೇ ಮಾಸ್ತರ. ಅವಳ ಹಿಂದೆ ಓಡುವುದಷ್ಟೇ ನನ್ನ ಕೆಲಸ.

ದೇವಕ್ಕ ಊರಿನ ನೇಕಾರರ ಗುಂಪಿನ ಮುಖ್ಯಸ್ಥೆ. ಮೊದಲ ಸಲ ಹೊರದೇಶಕ್ಕೆ ಅರವತ್ತು ಕಂಬಳಿ ನೇಯ್ದಿದ್ದರು. ಎಂಟರಲ್ಲಿ ಈಗ ತೂತು.

"ಇಲಿ ಕಡದಾವ್ರಿ. ಇಲಿ ಇದ್ದ ಗೋದಾಮಿನ ಮಾಲು ಒಂದೂ ಹಡಗು ಹತ್ತಂಗಿಲ್ಲ ಅಂತಾರ ಹೊರದೇಶಕ್ಕ ಮಾಲು ಕಳಸೂ ದಾನೀಶ್ ಸಾಹೇಬ್ರು. ಹನ್ನೆರಡೂ ಮಗ್ಗ ನಿಂತ್ವು, ತಿಳೀರಿ."

ದುಂಡವ್ವನ ಅಜ್ಜ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಮುಂಬೈ ಹಡಗುಗಳಿಗೆಂದು ಉಣ್ಣೆಯ ಮೂಟೆ ಹೇರುತ್ತಿದ್ದನಂತೆ. ಆಮೇಲೆ ಹೊರದೇಶದ ಮೆತ್ತನೆಯ ಉಣ್ಣೆ ಬಂತು. ಗಿರಣಿಗಳಿಗೆ ನಮ್ಮದು ಒರಟಾಯಿತು. ಈಗ ಕುರಿಗಾರರು ಕತ್ತರಿಸಿದ ಉಣ್ಣೆಯನ್ನು ತಿಪ್ಪೆಗೆ ಸುರಿಯುತ್ತಾರೆ. ಅಂಥ ಕಾಲದಲ್ಲಿ ಬಂದ ಆರ್ಡರು ಇದು.

ನಾವು ಹೋಗಿ ನೋಡಿದರೆ ಗೋದಾಮಿನ ಬೀಗ ಒಡೆದಿರಲಿಲ್ಲ. ಕೀಲಿ ದೇವಕ್ಕನ ಮನೆಯ ಗೂಟದಲ್ಲೇ ಇತ್ತು. ಬಾಗಿಲಲ್ಲಿ ಮಾಲು ಒಯ್ಯಲು ಬಂದ ದಾನೀಶ್ ಮತ್ತು ದೇವಕ್ಕನ ಮನೆಯಲ್ಲೇ ಇರುವ ಅವಳ ಅಣ್ಣ ಭರಮಪ್ಪ ನಿಂತಿದ್ದರು. ಒಳಗೆ ಒಂದು ಗೋಡೆಗೆ ಹೊರದೇಶದ ಕಂಬಳಿಗಳು, ಎದುರಿಗೆ ನವಲಗುಂದದ ಸಂತೆಗೆ ಹೋಗುವಂಥವು. ಸಂತೆಯವು ಹಲಗೆಯಂತೆ ಬಿರುಸಾಗಿದ್ದವು. ಅವುಗಳಲ್ಲಿ ಒಂದೂ ತೂತಿರಲಿಲ್ಲ.

ದುಂಡವ್ವ ತೂತಿನ ಅಂಚನ್ನು ಬೆಳಕಿಗೆ ಹಿಡಿದಳು.

"ಕುರಿ ಮೇಯಿಸ್ಕೊಂಡು ಯಾವಾಗ ಬಂದಿ, ಭರಮಪ್ಪ?"

"ನಾಕ ದಿನಾ ಆತ್ರಿ. ದೀಪಾವಳಿಗೆ ಹೋಗಿದ್ದೆ. ಕಂಬಳಿಗೆ ಹಚ್ಚೂ ಹುಣಸಿ ಬೀಜದ ಗಂಜಿ ಅಂದ್ರ ಇಲಿಗೆ ಅಗದಿ ಪ್ರಾಣ. ಅದ್ಕ ಕಡದಾವು ನೋಡ್ರಿ."

"ಮತ್ತ ನಿನ್ನ ಉಣ್ಣಿ ಎಲ್ಲಿ?"

ಅವನು ಮುಖ ತಿರುಗಿಸಿದ. "ತಿಪ್ಪ್ಯಾಗ."

"ಅದ್ರಾಗ ಕುರಿ ಗುರುತಿಗೆ ಹಚ್ಚಿದ ಡಾಂಬರು ಇತ್ರಿ. ಈ ಆರ್ಡರಿಗೆ ಅದು ಬ್ಯಾಡ ಅಂತ ದೀಪಾವಳಿಗೆ ಮೊದಲ ನಾನ ಅಂದೆ," ಎಂದ ದಾನೀಶ್.

ಸಂಜೆ ದುಂಡವ್ವ ಎಲ್ಲರನ್ನೂ ಮಗ್ಗದ ಮನೆಗೆ ಕರೆಸಿದಳು. ನೇಕಾರ ಹೆಂಗಸರು ಸಾವಿನ ಮನೆಯಲ್ಲಿ ಕೂತಂತೆ ಕೂತಿದ್ದರು.

"ಇಲಿ ಕಡದ್ರ ಎಳಿ ಪಿಂಜಿದಂಗ ಇರ್ತದ. ಇಲ್ಲಿ ಕೂದಲ ತುದಿ ಎಲ್ಲಾ ಒಂದ ಸಮ ಐತಿ. ಇದು ಕತ್ತರಿ ಕೆಲಸ," ಎಂದಳು. "ಇಲಿ ಬರೂದು ಗಂಜಿಗೆ. ಗಂಜಿ ಇದ್ದ ಸಂತಿ ಕಂಬಳಿ ಬಿಟ್ಟು, ಗಂಜಿ ಇಲ್ಲದ್ದನ್ನ ಯಾವ ಇಲಿ ತಿಂತದ?"

"ಗಂಜಿ ಇಲ್ಲೇನು?" ಭರಮಪ್ಪನ ಬಾಯಿಂದ ಹೊರಟೇಬಿಟ್ಟಿತು.

"ಹೊರದೇಶದವ್ರು ಗಂಜಿ ಬ್ಯಾಡ ಅಂದಿದ್ರು. ಹನ್ನೆರಡೂ ನೇಕಾರರಿಗೆ ಗೊತ್ತು, ದಾನೀಶಗ ಗೊತ್ತು. ನೇಯೂವಾಗ ಊರಾಗ ಇರಲಾರದಾಂವ ನೀ ಒಬ್ಬನ. ಉಣ್ಣಿ ಕತ್ತರಿ ನಿನ್ನ ಕಡೆ ಐತಿ. ಕೀಲಿ ನಿನ್ನ ಮನಿ ಗೂಟದಾಗ."

ಭರಮಪ್ಪ ಮಗ್ಗದ ಕಂಬ ಹಿಡಿದು ಕೂತುಬಿಟ್ಟ. "ಮೂವತ್ತು ವರ್ಷ ಈ ಮಗ್ಗಕ್ಕ ಉಣ್ಣಿ ಕೊಟ್ಟೇನಿ. ಕಡೀಕ ಒಂದು ಆರ್ಡರು ಬಂದ್ರ ನಂದು ತಿಪ್ಪಿಗೆ, ಬ್ಯಾರೆ ಊರಿನವ್ರದ್ದು ಹಡಗಿಗೆ. ತಡಕೊಳ್ಳಾಕ ಆಗಲಿಲ್ಲ ತಂಗೀ."

ದಾನೀಶ್ ಮೆಲ್ಲಗೆ ಹೇಳಿದ: "ಇಲಿ ಅಲ್ಲ ಅಂತ ಆತು. ಕತ್ತರಿ ಹಾಕಿದವ್ರು ಬರದು ಕೊಟ್ರ, ಆ ಕಾಗದ ಹಚ್ಚಿ ಐವತ್ತೆರಡು ಕಂಬಳಿ ಕಳಸ್ತೀನ್ರಿ."

ದೇವಕ್ಕ ಅಣ್ಣನನ್ನು ನೋಡಿದಳು, ಹನ್ನೆರಡು ಮಗ್ಗಗಳನ್ನು ನೋಡಿದಳು. ಅಣ್ಣನೋ ಮಗ್ಗವೋ ಎಂಬ ಇಕ್ಕಟ್ಟಿಗೆ ಅವಳನ್ನು ತಂದ ದುಂಡವ್ವನ ಮೇಲೇ ನನಗೆ ಸಿಟ್ಟು ಬಂತು.

"ಮಾಸ್ತರ, ನೀವ ಬರೀರಿ," ಎಂದ ಭರಮಪ್ಪ. ನಾನು ಬರೆದೆ. ಅವನು ಹೆಬ್ಬೆಟ್ಟು ಒತ್ತಿ, ಶಾಯಿಯ ಬೆರಳನ್ನು ಬಹಳ ಹೊತ್ತು ನೋಡಿದ.

"ನನ್ನ ಉಣ್ಣಿ ಹೋಗಲಿಲ್ಲ," ಎಂದ. "ನನ್ನ ಹೆಸರು ಹಡಗು ಹತ್ತಿತು."

ದೇವಕ್ಕ ಸೆರಗಿನಿಂದ ಅವನ ಹೆಬ್ಬೆರಳು ಒರೆಸತೊಡಗಿದಳು. ಶಾಯಿ ಹೋಗಲಿಲ್ಲ, ಅವಳೂ ಬಿಡಲಿಲ್ಲ.