ಪರದೆಯ ಮೇಲಿನ ಸಪ್ಪೆ ಮೋರೆ

"ಅತ್ತೆ, ನಾಳೆಯಿಂದ ನಂಗೆ ಕೆಲಸ ಇರಲ್ಲ," ಎಂದು ಆ ಹುಡುಗಿ ಬಾಗಿಲಲ್ಲೇ ಕಣ್ಣೀರು ಹಾಕಿದಳು.

ನನ್ನ ಸೋದರತ್ತೆಯನ್ನು ಕಟ್ಟಡದವರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದರು. ಕಳೆದದ್ದು, ಕದ್ದದ್ದು ಏನಿದ್ದರೂ ದೂರು ಅವಳ ಬಳಿಗೇ ಬರುತ್ತಿತ್ತು. ಕೆಳಮಹಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಸಣ್ಣ ಕಾರ್ಖಾನೆ. ಯಂತ್ರ ಕಣ್ಣು ಬಿಡುವಾಗ ಮೊದಲು ಓಡುವ ಫರ್ಮ್‌ವೇರ್ ಬರೆಯುವವಳು ಈ ಹುಡುಗಿ. ಒಂದೇ ಮೆಟ್ಟಿಲು ಹತ್ತಿಳಿಯುತ್ತಿದ್ದರೂ ನಾನು ಅವಳನ್ನು ಎಂದೂ ಮಾತಾಡಿಸಿರಲಿಲ್ಲ.

"ಗಿರಾಕಿಗಳು ಹೊಸ ಮಷೀನ್ ಆನ್ ಮಾಡಿದ್ರೆ ಸಪ್ಪೆ ಮೋರೆ ಹಾಕ್ಕೊಂಡಿರೋ ಪುಟ್ಟ ಕಂಪ್ಯೂಟರ್ ಚಿತ್ರ ಬರ್ತಿದೆ. ಹಳೇ ಕಾಲದ್ದು. ನಾನೇ ಚೇಷ್ಟೆಗೆ ಸೇರಿಸಿದ್ದು ಅಂತಾರೆ ಮಾಲೀಕರು. ಹುಡುಕಿದೆ ಅತ್ತೆ, ಹಳೇ ಕೋಡ್ ಮೇಲೇ ಹೊಸದು ಕಟ್ಟಿದೀವಲ್ಲ, ಅದರ ತಳದಲ್ಲಿ ಮೊದಲಿಂದ್ಲೂ ಇದೆ. ಆಗಿನ ಚಿತ್ರ ಎಲ್ಲ ಬಿಡಿಸಿದ್ದು ಮಷೀನ್ ಪರೀಕ್ಷೆ ಮಾಡೋ ನಮ್ಮ ಮೇಷ್ಟ್ರ ಹೆಂಡ್ತಿಯಂತೆ. ಅವರೂ ತೀರಿಕೊಂಡಿದಾರೆ. ಯಾರನ್ನ ಸಾಕ್ಷಿ ಕರೀಲಿ?"

"ಆ ಚಿತ್ರ ಯಾವಾಗ ಬರುತ್ತೆ?"

"ಮಷೀನಿಗೆ ಅದರ ಮೆಮೊರಿ ಪಟ್ಟಿ ಸಿಗದೇ ಹೋದ್ರೆ ಮಾತ್ರ."

ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದಳು. ನಾನೂ ಅವರ ಹಿಂದೆ ಕಾರ್ಖಾನೆಗೆ ಇಳಿದೆ.

ವಾಪಸು ಬಂದ ಯಂತ್ರಗಳನ್ನೆಲ್ಲ ಅವಳು ಬಿಚ್ಚಿಸಿದಳು. ಪ್ರತಿಯೊಂದರಲ್ಲೂ ಮೆಮೊರಿ ಪಟ್ಟಿಯ ಒಂದು ತುದಿಯ ಕೊಂಡಿ ಕಚ್ಚಿಕೊಂಡಿತ್ತು. ಇನ್ನೊಂದು ತುದಿಯದು ಬಾಯಿ ತೆರೆದೇ ಇತ್ತು.

"ಜೋಡಿಸೋವಾಗ್ಲೇ ಸಡಿಲ ಇತ್ತೇನೋ," ಎಂದರು ಮಾಲೀಕರು.

"ಹಾಗಿದ್ರೆ ಪರೀಕ್ಷೇಲಿ ಪಾಸ್ ಆಗ್ತಿತ್ತಾ? ಪರೀಕ್ಷೆ ಆದ್ಮೇಲೆ ಯಾರೆಲ್ಲ ಮುಟ್ತಾರೆ, ಅವರನ್ನ ಕರೀರಿ."

ಮೂವರು ಬಂದರು: ಹುಡುಗಿ, ಪ್ಯಾಕಿಂಗಿನವನು, ಪರೀಕ್ಷೆಯ ಕೋಣೆಯ ಮೇಷ್ಟ್ರು. ಎಲ್ಲರಿಗೂ ಕೆಲಸ ಕಲಿಸಿದವರೆಂದು ಅವರಿಗೆ ಆ ಹೆಸರು.

"ನಾನಂತೂ ಟೇಪ್ ಬಿಟ್ರೆ ಏನೂ ಮುಟ್ಟಲ್ಲಪ್ಪ!" ಎಂದ ಪ್ಯಾಕಿಂಗಿನವನು.

"ಕುಂಬಳಕಾಯಿ ಕಳ್ಳ ಅಂತ ಇನ್ನೂ ಯಾರೂ ಅಂದಿಲ್ಲ, ಹೆಗಲು ಯಾಕೆ ಮುಟ್ಕೊತೀಯ? ಈ ಪಟ್ಟಿ ಒಳಗೆ ಕೂರಿಸು," ಎಂದಳು ಅತ್ತೆ.

ಅವನು ನೆಟ್ಟಗೆ ಒತ್ತಿದ. ಎರಡು ಕೊಂಡಿಗಳೂ ಟಕ್ಕೆಂದವು. ಹುಡುಗಿಯೂ ಹಾಗೆಯೇ ಮಾಡಿದಳು. ಮೇಷ್ಟ್ರು ಪಟ್ಟಿಯನ್ನು ಓರೆಯಾಗಿ ಇಟ್ಟು, ಮಗುವನ್ನು ಎಬ್ಬಿಸಿ ಕೂರಿಸುವಂತೆ, ನಿಧಾನವಾಗಿ ನಿಲ್ಲಿಸಿದರು. ಒಂದೇ ಕೊಂಡಿ ಕಚ್ಚಿತು.

"ಹಳೇ ಮಷೀನಲ್ಲಿ ಪಟ್ಟೀನ ಓರೆ ಇಟ್ಟು ನಿಲ್ಲಿಸಬೇಕಿತ್ತು," ಎಂದಳು ಅತ್ತೆ ಮೆಲ್ಲಗೆ. "ಮನಸ್ಸು ಬೇರೆಲ್ಲೋ ಇದ್ದಾಗ ಕೈ ಹಳೇ ದಾರೀನೇ ಹಿಡಿಯುತ್ತೆ. ಅರೆಬರೆ ಕೂತ ಪಟ್ಟಿ ಲಾರಿ ಕುಲುಕಾಟಕ್ಕೆ ಪೂರ್ತಿ ಸಡಿಲ ಆಗಿದೆ. ಗಿರಾಕಿ ಮುಂದೆ ಮೋರೆ ಎದ್ದಿದೆ. ಪಾಸಾದ ಮಷೀನಿಂದ ಮೆಮೊರಿ ತೆಗೆಯೋಕೆ ಇದ್ದ ಕಾರಣ ಒಂದೇ. ಆ ಮೋರೆ ನೋಡೋಕೆ. ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದರು.

"ಅದೇ ಚಿತ್ರಾನ ದೊಡ್ಡದು ಮಾಡಿ ಗೋಡೆಗೆ ಅಂಟಿಸ್ಕೊಬಹುದಿತ್ತಲ್ರೀ!" ಎಂದರು ಮಾಲೀಕರು.

"ಗೋಡೇಲಿದ್ರೆ ಅದು ಚಿತ್ರ ಅಷ್ಟೇ ಸರ್. ಮಷೀನ್ ಕೆಟ್ಟಾಗ ಬಂದ್ರೆ, ನನ್ನವಳೇ ಬಾಗಿಲ ಸಂದೀಲಿ ಇಣುಕಿ 'ಏನಾಯ್ತ್ರೀ?' ಅಂದ ಹಾಗಿರುತ್ತೆ. ಮನೇಲಿ ಹಾಗೆ ಕೇಳೋರು ಯಾರೂ ಇಲ್ಲ." ಆಮೇಲೆ ಹುಡುಗಿಯತ್ತ ತಿರುಗಿದರು. "ನಿನ್ನ ಮೇಲೆ ಬಂತು ಅಂತ ಗೊತ್ತಿದ್ರೂ ಬಾಯಿ ಬರಲಿಲ್ಲ ಕಣಮ್ಮ."

"ಕೆಲಸದಿಂದ ಯಾರನ್ನೂ ತೆಗೆಯಲ್ಲ," ಎಂದರು ಮಾಲೀಕರು. "ಆದ್ರೆ ಆ ಚಿತ್ರ ಇರೋ ಹಾಗಿಲ್ಲ."

ಹುಡುಗಿ ಮಾಲೀಕರನ್ನು ನೋಡಲಿಲ್ಲ. "ಅಳಿಸ್ಲಾ ಮೇಷ್ಟ್ರೇ?" ಎಂದಳು.

"ಅಳಿಸು," ಎಂದರು ಮೇಷ್ಟ್ರು. "ಅಳಿಸೋವಾಗ ಪಕ್ಕದಲ್ಲಿ ಕೂತಿರ್ತೀನಿ. ಆಗಬಹುದಾ?"

ಅವಳು ತನ್ನ ಮೇಜಿನ ಬಳಿಗೆ ಇನ್ನೊಂದು ಕುರ್ಚಿ ಎಳೆದಳು.